ಪದಚರ್ಚೆ: ‘ಭ್ರಮೆ’ ಮತ್ತು ‘ಮರುಕಳಿಸು’, ಆಘಾತೋತ್ತರ ಒತ್ತಡ ಹಾಗೂ ಸ್ಕಿಜೋಫ್ರೀನಿಯಾ ಕುರಿತ ಬರಹದಲ್ಲಿ

ಮಾನ್ಯರೆ,

ಮನೋರೋಗಿಗಳ ಮನೆಯವರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಕನ್ನಡವನ್ನು ತಿದ್ದುವಾಗ ಎದುರಾದ ತೊಡಕೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಕಾಯಿಲೆಗಳ ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ‘ಇಚ್ಚಿತ್ತ ವಿಕಲತೆ’ ಎಂದರೆ ಒಬ್ಬರೊಳಗೆ ಇಬ್ಬರಿದ್ದಾರೆಂದು ಓದುಗರು ತಿಳಿಯುವುದರಿಂದ ಇಲ್ಲದ ದನಿ, ಹುಸಿನಂಬಿಕೆಗಳು ಕಾಡುವ ಆ ಕಾಯಿಲೆಯನ್ನು ಸ್ಕಿಜೋಫ್ರೀನಿಯಾ ಎಂದೇ ಉಳಿಸಿಕೊಂಡಿದ್ದೇವೆ. (ಮನಸ್ಸು ಸೀಳಿದ ರೋಗವೆಂಬ ಅರ್ಥದ ಹಳೆಯ ಹೆಸರನ್ನು ಜಪಾನಿನ ಮನೋವೈದ್ಯರು 2002ರಲ್ಲೇ ಕೈಬಿಟ್ಟರು.)

ತೊಡಕಿರುವುದು ‘ಭ್ರಮೆ’ಯಲ್ಲಿ. ಯಾರೂ ಇಲ್ಲದಾಗ ದನಿ ಕೇಳಿಸುವುದು, ನೆರೆಯವರು ಅನ್ನಕ್ಕೆ ವಿಷ ಬೆರೆಸುತ್ತಿದ್ದಾರೆಂಬ ಅಲುಗದ ನಂಬಿಕೆ, ಅಪಘಾತದಲ್ಲಿ ಬದುಕುಳಿದವರಿಗೆ ಬ್ರೇಕಿನ ಕೀರಲು ಸದ್ದು ಕಿವಿಗೆ ಬಿದ್ದೊಡನೆ ಆ ಅಪಘಾತವೇ ಮತ್ತೆ ನಡೆಯುತ್ತಿರುವಂತಾಗುವುದು, ಈ ಮೂರಕ್ಕೂ ಕರಡಿನಲ್ಲಿ ಅದೊಂದೇ ಪದವಿದೆ. ಮೊದಲೆರಡನ್ನು ‘ಇಂದ್ರಿಯಭ್ರಮೆ’, ‘ಹುಸಿನಂಬಿಕೆ’ ಎಂದು ಬೇರ್ಪಡಿಸಬಹುದು. ಮೂರನೆಯದು (ಇಂಗ್ಲಿಷಿನ ‘ಫ್ಲ್ಯಾಶ್‌ಬ್ಯಾಕ್’) ಆಘಾತೋತ್ತರ ಒತ್ತಡದ, ಅಂದರೆ ಭೀಕರ ಘಟನೆಯೊಂದರ ಬಳಿಕ ಕಾಡುವ ಮನೋಬೇನೆಯ (PTSD), ಮುಖ್ಯ ಲಕ್ಷಣ. ಹಗ್ಗವನ್ನು ಹಾವೆಂದು ಬಗೆಯುವ ವೇದಾಂತಿಗಳ ಭ್ರಾಂತಿಗೆ ಹಗ್ಗವಾದರೂ ಬೇಕು, ಸ್ಕಿಜೋಫ್ರೀನಿಯಾದವರಿಗೆ ಹಗ್ಗವೇ ಇಲ್ಲದೆ ಹಾವು ಕಾಣಬಹುದು, ಆಘಾತಕ್ಕೊಳಗಾದ ಇವರನ್ನಾದರೋ ಹಾವು ನಿಜವಾಗಿಯೇ ಕಚ್ಚಿದೆ. ಅದನ್ನು ಭ್ರಮೆಯೆಂದರೆ ನಡೆದದ್ದನ್ನೇ ಅಲ್ಲಗಳೆದಂತೆ.

ಎರಡು ಕಾಯಿಲೆಗಳ ನಡುವೆ ಗೋಡೆಯೇನೂ ಇಲ್ಲವೆಂಬುದರಿಂದ ಪದಗಳ ಹದ ಇನ್ನಷ್ಟು ಮುಖ್ಯವಾಗುತ್ತದೆ. ಬಾಲ್ಯದಲ್ಲಿ ದೌರ್ಜನ್ಯ, ನಿರ್ಲಕ್ಷ್ಯಗಳನ್ನು ಉಂಡವರಲ್ಲಿ ಮುಂದೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ, ಸ್ಕಿಜೋಫ್ರೀನಿಯಾ ಅದರಲ್ಲೊಂದು) ಕಾಣಿಸಿಕೊಳ್ಳುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2012ರ ವಿಶ್ಲೇಷಣೆ ತೋರಿಸಿತು. ತೀವ್ರ ಆಘಾತೋತ್ತರ ಒತ್ತಡವಿರುವ ಕೆಲವರಿಗೂ ದನಿಗಳು ಕೇಳಿಸುತ್ತವೆ. ಸ್ಕಿಜೋಫ್ರೀನಿಯಾ ಉಲ್ಬಣಿಸಿದಾಗಿನ ದಿಗಿಲು, ಕೈಕಾಲು ಹಿಡಿದು ಆಸ್ಪತ್ರೆಗೆ ಸೇರಿಸಿದ ಅನುಭವ ಇವೇ ಕೆಲವರಿಗೆ ಹೊಸ ಆಘಾತವಾಗುವುದೂ ಉಂಟು. ಹೀಗಾಗಿ ಒಬ್ಬರಲ್ಲೇ ಎರಡೂ ಬಗೆಯ ಲಕ್ಷಣಗಳಿದ್ದಾಗ ಯಾವುದು ಯಾವುದೆಂದು ಮನೆಯವರು ವೈದ್ಯರಿಗೆ ಹೇಳಬಲ್ಲವರಾಗಬೇಕು.

ಆ ಮೂರನೆಯ ಲಕ್ಷಣಕ್ಕೆ ‘ಮರುಕಳಿಸುವ ನೆನಪು’ ಎಂದು ಬರೆದು ನೋಡಿದೆವು. ಆದರೆ ಮಾತ್ರೆ ಬಿಟ್ಟಿದ್ದರಿಂದ ಕಾಯಿಲೆ ಮರುಕಳಿಸಿತು ಎನ್ನುವುದು ಆಸ್ಪತ್ರೆಯ ದಿನನಿತ್ಯದ ಮಾತು. ಒಂದೇ ಪುಟದಲ್ಲಿ ಎರಡೂ ಬಂದರೆ ಗೊಂದಲ ಖಂಡಿತ. ಅದಲ್ಲದೆ ಅದು ಬರಿಯ ನೆನಪಲ್ಲ, ಎದೆಬಡಿತ, ಬೆವರುಗಳೊಡನೆ ಬರುವ ಅನುಭವ. ‘ಕಣ್ಣಿಗೆ ಕಟ್ಟುವುದು’ ಜನರ ಮಾತಾದರೂ ವರ್ಣನೆಯನ್ನು ಮೆಚ್ಚುವಾಗ ಬಳಸಿ ಬಳಸಿ ಅದರ ಬಿಸಿ ಆರಿದೆ. ಸದ್ಯಕ್ಕೆ ನನ್ನ ಒಲವು ‘ಮರುಅನುಭವ’ದ ಕಡೆಗಿದೆ. ಇದಕ್ಕಿಂತ ಸಲೀಸಾದ, ರೋಗಿಯೇ ತನ್ನ ಬಾಯಲ್ಲಿ ಹೇಳಿಕೊಳ್ಳಬಹುದಾದ ಪ್ರಯೋಗ ತಮ್ಮ ಸೀಮೆಯ ಆಡುಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.