ಗಾಳಿ ಉಷ್ಣಾಂಶ −40 ತೋರಿಸ್ತಿದೆ, ಹೊಸ ಸೆನ್ಸರ್ ಹಾಕಿದರೂ ಪಿ0113 ಹೋಗ್ತಿಲ್ಲ

ಕೇಳಿದವರು, ಮೂಡಿಗೆರೆ:
ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 82,000 ಕಿ.ಮೀ. ಓಡಿದೆ. ಒಂದು ತಿಂಗಳಿಂದ ಚೆಕ್ ಇಂಜಿನ್ ಲೈಟ್ ಕಾಟ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ ತಡವರಿಸುತ್ತದೆ, ಹೊಗೆಯಲ್ಲಿ ಪೆಟ್ರೋಲ್ ವಾಸನೆ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿ ಪಿ0113 ಅಂದರು (ಒಳಬರುವ ಗಾಳಿಯ ಉಷ್ಣಾಂಶ ಸೆನ್ಸರಿನ ವೋಲ್ಟ್ ತೀರಾ ಜಾಸ್ತಿ ಅನ್ನುವ ದೋಷದ ಕೋಡ್), ಆ ಸೆನ್ಸರ್ ಬದಲಾಯಿಸಿದರು. ನಾಲ್ಕೇ ದಿನಕ್ಕೆ ಲೈಟ್ ಮತ್ತೆ ಬಂತು. ಈಗ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಹಾಕುವ ಮೊದಲು ಕೇಳೋಣ ಅನಿಸಿತು. ನನ್ನ ಹತ್ತಿರ ಬ್ಲೂಟೂತ್ ಓಬಿಡಿ (ಕಾರಿನ ರೀಡಿಂಗ್ ಮೊಬೈಲಿನಲ್ಲಿ ತೋರಿಸುವ ಸಾಧನ) ಇದೆ. ಅದರಲ್ಲಿ ಒಳಬರುವ ಗಾಳಿ −40 ಡಿಗ್ರಿ ಅಂತಿದೆ. ಒಮ್ಮೊಮ್ಮೆ ತಾನಾಗೇ ಸರಿಯಾಗುತ್ತದೆ.

ಉತ್ತರ 1:
ಸರ್, ಇಸಿಯು ವಿಷಯ ಸದ್ಯಕ್ಕೆ ಬಿಟ್ಟುಬಿಡಿ. ಆ −40 ನೋಡಿದಾಗಲೇ ಅರ್ಧ ಉತ್ತರ ಸಿಕ್ಕಿದೆ. ಈ ಸೆನ್ಸರ್ ಒಳಗಿರುವುದು ಒಂದು ಥರ್ಮಿಸ್ಟರ್. ಗಾಳಿ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ತಣ್ಣಗಾದಷ್ಟೂ ಏರುತ್ತದೆ. ಇಸಿಯು 5 ವೋಲ್ಟ್ ಕಳಿಸಿ, ಎಷ್ಟು ಉಳಿಯಿತು ಅಂತ ನೋಡಿ ಉಷ್ಣಾಂಶ ಲೆಕ್ಕ ಹಾಕುತ್ತದೆ. ವೈರ್ ಎಲ್ಲೋ ಕಡಿದಿದ್ದರೆ ಪೂರ್ತಿ 5 ವೋಲ್ಟ್ ಹಾಗೇ ಉಳಿಯುತ್ತದೆ. ಇಸಿಯುಗೆ ಅದು ಹಿಮಾಲಯದಂಥ ಚಳಿ, ಅಂದರೆ ಆ −40! ತಣ್ಣನೆ ಗಾಳಿ ದಟ್ಟ ಅಲ್ವಾ, ಅದಕ್ಕೆ ತಕ್ಕಂತೆ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ನಿಮಗೆ ವಾಸನೆ ಬರುವುದು ಅದರಿಂದಲೇ ಇರಬೇಕು. ಪಿ0112 ಕೋಡ್ ಬಂದಿದ್ದರೆ ಇದರ ಉಲ್ಟಾ, ವೋಲ್ಟ್ ತೀರಾ ಕಡಿಮೆ ಅಂತ; ಆಗ ವೈರ್ ಎಲ್ಲಿ ಅರ್ಥ್‌ಗೆ ತಾಗಿ ಶಾರ್ಟ್ ಆಗಿದೆ ಅಂತ ಹುಡುಕಬೇಕಿತ್ತು.

ಮೊದಲು ಹಳೆ ಸೆನ್ಸರನ್ನೇ ಮಲ್ಟಿಮೀಟರಿನಲ್ಲಿ ನೋಡಿ. ರೂಮಿನ ಉಷ್ಣಾಂಶದಲ್ಲಿ ಬಹಳಷ್ಟು ಕಾರುಗಳಲ್ಲಿ 2ರಿಂದ 3 ಕಿಲೋ ಓಮ್ ಬರುತ್ತದೆ. ಹೇರ್ ಡ್ರೈಯರ್ ಹಿಡಿದರೆ ಸರಸರನೆ ಇಳಿಯಬೇಕು. ಇಳಿದರೆ ಅದು ಕೆಟ್ಟಿರಲೇ ಇಲ್ಲ. ಆಮೇಲೆ ಕನೆಕ್ಟರ್ ಬಿಚ್ಚಿ, ಎರಡು ಪಿನ್‌ಗಳಿಗೆ ಸಣ್ಣ ವೈರ್ ಸಿಕ್ಕಿಸಿ. ರೀಡಿಂಗ್ 100 ದಾಟಿದರೆ ವೈರಿಂಗ್, ಇಸಿಯು ಎರಡೂ ಸರಿ.

ಉತ್ತರ 2:
ವೈರ್ ಸಿಕ್ಕಿಸುವ ಮುಂಚೆ ಒಂದು ನಿಮಿಷ, ದಯವಿಟ್ಟು. ಇಂಥ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಜಾಸ್ತಿ ಕಡೆ ಗಾಳಿಯ ಉಷ್ಣಾಂಶ ಮತ್ತು ಮ್ಯಾಪ್ ಸೆನ್ಸರ್ (ಒಳಬರುವ ಗಾಳಿಯ ಒತ್ತಡ ಅಳೆಯುವುದು) ಒಂದೇ ಡಬ್ಬಿಯಲ್ಲಿರುತ್ತವೆ, ನಾಲ್ಕು ಪಿನ್. ತಪ್ಪು ಪಿನ್ ಸೇರಿಸಿದರೆ 5 ವೋಲ್ಟ್ ಸಪ್ಲೈ ನೇರ ಅರ್ಥ್ ಆಗುತ್ತದೆ. ಬರಿ ವೈರ್ ಬದಲು 2.2 ಕಿಲೋ ಓಮ್ ರೆಸಿಸ್ಟರ್ ಬಳಸಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಒಂದೆರಡು ರೂಪಾಯಿಗೆ ಸಿಗುತ್ತದೆ. ವೈರಿಂಗ್ ಡಯಾಗ್ರಾಂ ನೋಡಿ ಪಿನ್ ಗುರುತಿಸಿ, ಉಷ್ಣಾಂಶದ ಪಿನ್ ಮತ್ತು ಅರ್ಥ್ ಪಿನ್ ನಡುವೆ ಇಡಿ. 20–25 ಡಿಗ್ರಿ ಆಸುಪಾಸು ಬರಬೇಕು. ಬಂದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಮೊಬೈಲ್ ನೋಡುತ್ತಾ ವೈರ್ ಕಟ್ಟನ್ನು ಉದ್ದಕ್ಕೂ ಅಲ್ಲಾಡಿಸಿ. ಒಮ್ಮೊಮ್ಮೆ ಸರಿಯಾಗುತ್ತದೆ ಅಂದಿರಲ್ಲ, ನನಗೆ ಅನುಮಾನ ಇರುವುದೇ ಅಲ್ಲಿ.

ಕೇಳಿದವರು, ಮೂಡಿಗೆರೆ:
ಸಿಕ್ಕಿತು! ಹಳೆ ಸೆನ್ಸರ್ 2.3 ಕಿಲೋ ಓಮ್, ಬಿಸಿ ಮಾಡಿದರೆ ಇಳಿಯಿತು. ಏನೂ ಆಗಿರಲಿಲ್ಲ. ರೆಸಿಸ್ಟರ್ ಇಟ್ಟಾಗ 23 ಬಂತು. ಬ್ಯಾಟರಿ ಟ್ರೇ ಹತ್ತಿರ ವೈರ್ ಅಲ್ಲಾಡಿಸಿದ ಕೂಡಲೇ −40. ಕಪ್ಪು ಟೇಪ್ ಬಿಚ್ಚಿ ನೋಡಿದರೆ ಇಲಿ ಕಡಿದಿದೆ. ತಾಮ್ರದ ಒಂದೇ ಎಳೆ ಉಳಿದಿತ್ತು. ಶೆಡ್ಡಿನಲ್ಲಿ ಅಡಿಕೆ ಮೂಟೆ ಪಕ್ಕದಲ್ಲೇ ಕಾರು ನಿಲ್ಲಿಸುವುದು ನಾವು.

ಉತ್ತರ 2:
ಬಹಳ ಖುಷಿಯಾಯಿತು ಸರ್. ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ, ಮಲೆನಾಡಿನ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಪಕ್ಕದ ವೈರ್‌ಗಳನ್ನೂ ಒಂದೊಂದಾಗಿ ನೋಡಿ, ಇಲಿ ಒಂದಕ್ಕೇ ಬಾಯಿ ಹಾಕಿ ಸುಮ್ಮನಾಗುವುದಿಲ್ಲ. ಕೋಡ್ ಅಳಿಸಿ. ಮಾರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಮತ್ತು ಗಾಳಿ ಎರಡರ ಉಷ್ಣಾಂಶವನ್ನೂ ನೋಡಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು.

ಕೇಳಿದವರು, ಮೂಡಿಗೆರೆ:
ಇವತ್ತು ಬೆಳಿಗ್ಗೆ ಆರಕ್ಕೆ ನೋಡಿದೆ. ಕೂಲೆಂಟ್ 18, ಗಾಳಿ 18. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ವಾಸನೆ ಇಲ್ಲ. ಹಳೆ ಸೆನ್ಸರ್ ಒರೆಸಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಮೂಟೆಗಳನ್ನು ಅಟ್ಟಕ್ಕೆ ಸಾಗಿಸಿದ್ದಾಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.