ಸಿಪಾಯಿಗಳ ಕ್ಯಾಂಟೀನ್‌ಗೆ ಕನ್ನಡ ಪದ ಬೇಕು – ಫಲಕಕ್ಕೆ, ಬೇಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಗೆಳೆಯರೊಬ್ಬರು ಹಳೇ ಸೈನ್ಯದ ಸಾಮಾನು ಕೂಡಿಟ್ಟಿದ್ದಾರೆ. ಭಾನುವಾರ ಪ್ರದರ್ಶನ, ಫಲಕ ನಾಳೆಯೇ ಪ್ರಿಂಟಿಗೆ ಹೋಗಬೇಕು. ಸಿಪಾಯಿಗಳು ನೀರು ಒಯ್ಯುತ್ತಿದ್ದ ಕ್ಯಾಂಟೀನಿಗೆ ಏನಂತ ಬರೆಯಲಿ? ‘ಹಳೇ ಮಿಲಿಟರಿ ಕ್ಯಾಂಟೀನ್‌ಗಳು’ ಅಂದರೆ ಜನ ರಮ್ ಸಿಗುತ್ತಾ ಅಂತ ಕೇಳ್ತಾರೆ. ಇಲ್ಲಾ ಮುದ್ದೆ, ಮಟನ್ ಸಾರು.

ಮುಖ್ಯವಾದದ್ದು ಮೊದಲ ಮಹಾಯುದ್ಧದ ಬ್ರಿಟಿಷ್ ಮಾದರಿ. ನೀಲಿ ಎನಾಮಲ್ ಮೈ, ಖಾಕಿ ಉಣ್ಣೆ ಗವಸು, ದಾರ ಕಟ್ಟಿದ ಕಾರ್ಕ್ ಬಿರಡೆ. ಗವಸು ನೆನೆಸಿಟ್ಟರೆ ಅದು ಆರುತ್ತಾ ಒಳಗಿನ ನೀರು ತಣ್ಣಗಾಗುತ್ತೆ. ಪಕ್ಕದಲ್ಲಿ ಅಮೆರಿಕದ 1910ರ ಮಾದರಿ, ಅಲ್ಯೂಮಿನಿಯಂದು. ಅದರ ತಳಕ್ಕೆ ಲೋಟವೊಂದು ಕೂರುತ್ತೆ. ಎರಡಕ್ಕೂ ಒಂದೇ ಪದ ಸಾಕು. ಸಿಪಾಯಿಗಳು ಹೆಗಲಿಗೆ ಹಾಕುತ್ತಿದ್ದ ಚೀಲ ಹ್ಯಾವರ್‌ಸ್ಯಾಕ್, ಊಟದ ಪಾತ್ರೆ ಮೆಸ್ ಟಿನ್, ಇವಕ್ಕೂ ಹೇಳಿದರೆ ಉಪಕಾರ.

ತೀರ್ಥಹಳ್ಳಿಯಿಂದ:
ಬಿದಿರಿನ ಪಾತ್ರೆಗೆ ‘ಅಂಡೆ’ ಅನ್ನೋ ಪದ ಇರುವಾಗ ಹುಡುಕಾಟ ಯಾಕೆ? ನೀರಂಡೆ. ಬಿದಿರಂಡೆ ಅಂದರೇನು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾ? ಯಾರಾದರೂ ಸಂಸ್ಕೃತದಿಂದ ‘ಜಲಕರಂಡಕ’ ತರುವ ಮೊದಲೇ ಹೇಳ್ತೀನಿ, ಬೇಡ. ಬಂದೂಕು ಬಂದಾಗ ನಮ್ಮವರು ಕೊಳವೆಗಿದ್ದ ‘ಕೋವಿ’ಯನ್ನೇ ಅದಕ್ಕೆ ಇಟ್ಟರು. ಪದ ಕಟ್ಟುವುದು ಅಂದರೆ ಅದು. ಹ್ಯಾವರ್‌ಸ್ಯಾಕ್‌ಗೆ ಹಸುಬೆ. ಅದು ಮೂಲದಲ್ಲಿ ಜರ್ಮನ್ನರ ಓಟ್ಸ್ ಚೀಲ, ನಮ್ಮ ಹಸುಬೆ ಹೊತ್ತದ್ದೂ ದವಸವನ್ನೇ.

ಸಾಗರದಿಂದ:
ಹಸುಬೆ ತಪ್ಪು. ಅದು ಎರಡೂ ಕಡೆ ತೂಗುವ ಜೋಡಿ ಚೀಲ. ಇದು ಒಂಟಿ. ಬಗಲಚೀಲ ಅನ್ನಿ, ಮುಗೀತು. ಅಂಡೆ ಈಗ ಪೇಟೆ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಸುಮ್ನೆ ‘ಸಿಪಾಯಿಯ ನೀರಿನ ಬಾಟ್ಲಿ’ ಅಂತ ಬರೆಯಿರಿ. ಆ ಕಾಲದ ಬ್ರಿಟಿಷ್ ಸೈನ್ಯವೂ ‘ವಾಟರ್ ಬಾಟಲ್’ ಅಂತಲೇ ಕರೆದದ್ದು. ಕ್ಯಾಂಟೀನ್ ಅನ್ನೋದು ಅಮೆರಿಕದವರ ರೂಢಿ.

ತೀರ್ಥಹಳ್ಳಿಯಿಂದ:
ಬಾಟ್ಲಿ ಯಾವಾಗಿಂದ ಕನ್ನಡ?

ಸಾಗರದಿಂದ:
ಸಿಪಾಯಿ ಯಾವಾಗ ಕನ್ನಡವಾಯ್ತೋ ಆವಾಗಿಂದ. ಹವಾಲ್ದಾರ್, ಸುಬೇದಾರ್ ಎಲ್ಲ ಪಾರಸಿ ದಾರಿಯಲ್ಲೇ ಬಂದವರು. ಆ ಗವಸಿನ ಖಾಕಿಯೂ ಅಷ್ಟೇ, ಧೂಳಿನ ಬಣ್ಣ ಅಂತ. ಮೊದಲು ಇವರನ್ನ ಊರು ಬಿಡಿಸಿ, ಆಮೇಲೆ ಬಾಟ್ಲಿ ಒಡೆಯೋಣ.

ಶಿವಮೊಗ್ಗದಿಂದ:
ಜಗಳ ಆಮೇಲಾಗಲಿ ಸಾರ್, ಮೆಸ್ ಟಿನ್ ಯಾರೂ ಮುಟ್ಟಲಿಲ್ಲ. ನಮ್ಮಲ್ಲಿರೋದು ಎರಡನೇ ಮಹಾಯುದ್ಧದ್ದು, ಒಂದರೊಳಗೊಂದು ಕೂರುವ ಎರಡು ಪಾತ್ರೆ, ಮಡಚುವ ಹಿಡಿ. ‘ಬುತ್ತಿ ಡಬ್ಬಿ’ ಆಗುತ್ತಾ?

ತೀರ್ಥಹಳ್ಳಿಯಿಂದ:
ಬುತ್ತಿ ಸರಿ. ಡಬ್ಬಿ ಬೇಡ.

ಸಾಗರದಿಂದ:
ಬುತ್ತಿಯೂ ಸರಿಯಲ್ಲ. ಅದನ್ನ ಒಲೆ ಮೇಲಿಟ್ಟು ಚಹಾನೂ ಕಾಸ್ತಿದ್ರು. ‘ಸಿಪಾಯಿಯ ಊಟದ ಪಾತ್ರೆ’ ಅಂತ ಹಾಕಿ ಪ್ರಿಂಟಿಗೆ ಕಳಿಸಿ.