ಆನೆ ಕಾಸಿನ ಅಭ್ಯಂಜನ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾವು ನಾಲ್ವರು ಸಂಜೆ ಸೇರುವ ಮಂಡಕ್ಕಿ ಅಂಗಡಿಯೊಂದಿದೆ. ಮಿರ್ಚಿ ಎಣ್ಣೆಗೆ ಬಿದ್ದು ಮೇಲೇಳುವಷ್ಟರಲ್ಲಿ ಅಲ್ಲಿ ಒಂದು ವಿಷಯ ಹುಟ್ಟಿ, ಎರಡನೆಯ ತಟ್ಟೆಯ ಹೊತ್ತಿಗೆ ಜಗಳವಾಗಿ ಬೆಳೆದಿರುತ್ತದೆ. ಮೊನ್ನೆಯ ವಿಷಯ ಅಡಿಕೆ ಸಾಹುಕಾರರ ಕರವಸ್ತ್ರದ ಗಂಟಿನಿಂದ ಹೊರಬಂತು. ಚಿತ್ರದುರ್ಗದ ಬಳಿಯ ಹಳ್ಳಿಮನೆಯಲ್ಲಿ ದನದ ಕೊಟ್ಟಿಗೆಯನ್ನು ಅಗೆಸುವಾಗ ಸಿಕ್ಕ ತಾಮ್ರದ ನಾಣ್ಯವದು; ಒಂದು ಬದಿಯಲ್ಲಿ ಆನೆಯಿದ್ದುದರಿಂದ ಟಿಪ್ಪುವಿನ ಕಾಲದ್ದೆಂದು ಅವರು ತೀರ್ಮಾನಿಸಿದ್ದರು.

"ಆನೆ ಎಲ್ಲಿದೆ?" ಎಂದು ವಕೀಲರು ಕನ್ನಡಕ ಏರಿಸಿ ಕೇಳಿದರು.

"ಸಿಕ್ಕಾಗ ಇತ್ತು. ಮೈತುಂಬ ಕಿಲುಬಾಗಿದೆಯೆಂದು ನಮ್ಮ ತಾಯಿಯವರು ಹುಣಸೆಹಣ್ಣು, ಉಪ್ಪು ಹಾಕಿ ದೇವರ ಸಾಮಾನಿನ ಜೊತೆ ತಿಕ್ಕಿಬಿಟ್ಟರು. ಆಗ ಹೊಸ ತಂಬಿಗೆಯಂತೆ ಹೊಳೆಯಿತು. ಮಳೆ ಹಿಡಿದ ಮೇಲೆ ನೋಡಿದರೆ ಹೀಗೆ ಹಸಿರು ಹಿಟ್ಟು ಉದುರುತ್ತಿದೆ."

ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗಿಟ್ಟರು. ಅವರು ಮಿರ್ಚಿ ಕೆಳಗಿಟ್ಟರೆಂದರೆ ಪಾಠ ಶುರುವಾಯಿತೆಂದೇ ಲೆಕ್ಕ.

"ಸಾಹುಕಾರರೇ, ಮಣ್ಣು ಇನ್ನೂರು ವರ್ಷದಲ್ಲಿ ಮಾಡದ ಕೆಲಸವನ್ನು ನಿಮ್ಮ ಬಚ್ಚಲು ಅರ್ಧ ಗಂಟೆಯಲ್ಲಿ ಮಾಡಿದೆ. ಗಾಳಿ, ತೇವಗಳ ಸಹವಾಸದಿಂದ ತಾಮ್ರದ ಮೇಲೆ ಕಟ್ಟಿಕೊಳ್ಳುವ ಗಟ್ಟಿ ಹಸಿರು ಪದರ ಕೊಳೆಯಲ್ಲ, ಒಳಗಿನ ಲೋಹವನ್ನು ಕಾಯುವ ಕಂಬಳಿ. ಆ ಪದರವೂ ತಾಮ್ರದಿಂದಲೇ ಆದದ್ದರಿಂದ ಆನೆಯ ಸೊಂಡಿಲು, ಅಕ್ಷರಗಳ ಅಂಚು ಎಷ್ಟೋ ಸಲ ಅದರಲ್ಲಿಯೇ ಉಳಿದಿರುತ್ತವೆ. ಹುಣಸೆಯ ಹುಳಿ ಅದನ್ನು ಕರಗಿಸಿದಾಗ ಆನೆಯೂ ಬಚ್ಚಲ ನೀರಿನೊಡನೆ ಹೊರಟುಹೋಗುತ್ತದೆ."

"ಹೋದದ್ದು ಹೋಯಿತು. ಈ ಹಿಟ್ಟು ಎಲ್ಲಿಂದ ಬಂತು?"

"ಅದು ಬೇರೆಯೇ ರೋಗ. ಗಂಜಲ ಕುಡಿದ ಕೊಟ್ಟಿಗೆಯ ಮಣ್ಣಿನಲ್ಲಿ ಲವಣ ಮೊದಲೇ ಇತ್ತು, ಅದು ಸಾಲದೆಂದು ನೀವು ಅಡುಗೆಮನೆಯ ಉಪ್ಪನ್ನೂ ತಿಕ್ಕಿಸಿದಿರಿ. ಉಪ್ಪಿನ ಕ್ಲೋರೈಡ್ ತಾಮ್ರದೊಡನೆ ಸೇರಿ ಒಳಗೆ ಕುಳಿತು, ತೇವ ತಗುಲಿದೊಡನೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹುಟ್ಟಿಸುತ್ತದೆ. ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗಿ, ಮುಂದಿನ ತೇವಕ್ಕಾಗಿ ಕಾಯುತ್ತದೆ."

"ಬಡ್ಡಿ ವ್ಯವಹಾರದ ಹಾಗೆ," ಎಂದೆ ನಾನು. "ಎಷ್ಟು ತಿಂದರೂ ಅಸಲು ಕರಗುವುದಿಲ್ಲ." ಸಾಹುಕಾರರು ನೋಡಿದ ನೋಟಕ್ಕೆ ನಾನು ಮಂಡಕ್ಕಿಗೆ ಈರುಳ್ಳಿ ಬೆರೆಸುವುದರಲ್ಲಿ ಮಗ್ನನಾದೆ.

"ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಅಗೆದಾಗ ಸಿಕ್ಕ ನಾಣ್ಯಗಳು ಮಾತ್ರ ಎರಡು ಸಾವಿರ ವರ್ಷ ಉಳಿದವಲ್ಲ?" ಎಂದು ಅವರು ಸವಾಲು ಹಾಕಿದರು.

"ಅಲ್ಲಿ 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಶಾತವಾಹನರ ಸೀಸದ ನಾಣ್ಯ, ರೋಮಿನ ಬೆಳ್ಳಿಯ ನಾಣ್ಯ ಎರಡೂ ಸಿಕ್ಕವು. ಅವುಗಳನ್ನು ಯಾರೂ ದೇವರ ಸಾಮಾನಿನ ಜೊತೆ ತೊಳೆಯಲಿಲ್ಲ. ಸೀಸವಂತೂ ಬಲು ಸೂಕ್ಷ್ಮ. ಮರದ ಪೆಟ್ಟಿಗೆಯಿಂದ ಹೊರಡುವ ಹುಳಿ ಆವಿಗೇ ಅದು ಬೆಳ್ಳಗೆ ಬೂದಿಯಾಗತೊಡಗುತ್ತದೆ. ನಿಮ್ಮದನ್ನು ಶುದ್ಧೀಕರಿಸಿದ ನೀರಿನಲ್ಲಿ, ನೀರು ಬದಲಿಸುತ್ತ ಬಹಳ ದಿನ ನೆನೆಸಿ, ಪೂರ್ತಿ ಒಣಗಿಸಿ, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಬಿಗಿ ಡಬ್ಬಿಯಲ್ಲಿಡಿ."

"ತೇವ ಹೀರುವುದಕ್ಕೆ ನಮ್ಮ ಮಂಡಕ್ಕಿಯೇ ಸಾಕಲ್ಲ?" ಎಂದು ಅಂಗಡಿಯವನು ಬಾಣಲೆಯ ಹಿಂದಿನಿಂದ ಕೇಳಿದ.

"ಅದರಲ್ಲೂ ಉಪ್ಪಿದೆಯಪ್ಪ!"

ವಕೀಲರು ಅಲ್ಲಿಯವರೆಗೆ ಸುಮ್ಮನಿದ್ದುದೇ ಆಶ್ಚರ್ಯ. "ಬ್ರಿಟಿಷರ 1878ರ ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೀರಿದ ಸೊತ್ತು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕಿತ್ತು. ನಿಮ್ಮ ತಾಯಿಯವರು ಬೆಲೆಯನ್ನು ಹತ್ತರ ಒಳಗೆ ಇಳಿಸಿ ನಿಮ್ಮನ್ನು ಪಾರುಮಾಡಿದ್ದಾರೆ. ಆದರೂ ತಹಶೀಲ್ದಾರರಿಗೆ ಒಂದು ಮಾತು ತಿಳಿಸಿಬಿಡಿ."

ಮೇಷ್ಟ್ರು ನಾಣ್ಯವನ್ನು ಬೆಳಕಿಗೆ ಹಿಡಿದು ತಿರುವಿದರು. ಇಂಥ ನಾಣ್ಯಗಳ ಹಿಂಬದಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ಟಿಪ್ಪು ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂಬ ಹೆಸರಿಟ್ಟಿದ್ದ. ಆ ಹೆಸರು ಇದರಲ್ಲಿದ್ದಿದ್ದರೆ ದುರ್ಗದಲ್ಲೇ ಅಚ್ಚಾಗಿ ದುರ್ಗದ ಮಣ್ಣಿನಲ್ಲೇ ಮಲಗಿದ್ದ ನಾಣ್ಯವೆಂದು ಹೇಳಬಹುದಿತ್ತು. ಈಗ ಅಲ್ಲಿರುವುದು ಅಕ್ಷರವೋ ಹುಣಸೆ ನಾರಿನ ಗೀರೋ ಯಾರಿಗೂ ತಿಳಿಯಲಿಲ್ಲ.

"ತೊಳೆಯುವ ಮೊದಲು ಏನಿತ್ತೆಂದು ನಿಮ್ಮ ತಾಯಿಯವರಿಗೆ ನೆನಪಿದೆಯೇ?" ಎಂದು ಕೇಳಿದೆ.

"ಚೆನ್ನಾಗಿಯೇ ನೆನಪಿದೆ," ಎಂದರು ಸಾಹುಕಾರರು. "ಆನೆಯ ಕಿವಿಯ ಸಂದಿಯಲ್ಲಿ ಕೊಳೆ ಬಹಳ ಇತ್ತಂತೆ."